ಹಳೆಯ ಹೊಲಿಗೆ ಯಂತ್ರಗಳ ಸಹವಾಸ

ಲೋಕದಲ್ಲಿ ಹವ್ಯಾಸಗಳು ಅನೇಕ. ಅಂಚೆಯ ಚೀಟಿ ಕೂಡಿಸುವವರಿದ್ದಾರೆ, ಹಳೆಯ ನಾಣ್ಯ ಕೂಡಿಸುವವರಿದ್ದಾರೆ; ತಾವೇನನ್ನೂ ಕೂಡಿಸದೆ, ಇತರರು ಕೂಡಿಸಿದ್ದನ್ನು ನೋಡಿ ನಗುವುದನ್ನೇ ಹವ್ಯಾಸ ಮಾಡಿಕೊಂಡವರೂ ಇದ್ದಾರೆ. ಅಮೆರಿಕದಲ್ಲಿ ಹಳೆಯ ಕಾಲದ ಬಟ್ಟೆ ಒಗೆಯುವ ಯಂತ್ರಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ತಿರುಗುವಂತೆ ಮಾಡುವವರ ಕೂಟಗಳೇ ಇವೆ. ಕೊಲರಾಡೋ ಸಂಸ್ಥಾನದ ಈಟನ್ ಎಂಬ ಊರಿನಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಅಂಥ ಯಂತ್ರಗಳನ್ನು ಸಾವಿರಕ್ಕೂ ಮಿಕ್ಕಿ ಕಲೆಹಾಕಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಿದಾಗ ನಮ್ಮ ಅಜ್ಜಿ, "ಅವರಿಗೆ ಕಲ್ಲು ಸಿಕ್ಕಲಿಲ್ಲವೇನೋ ಪಾಪ" ಎಂದರು.

ಅಜ್ಜಿಯ ಮಾತಿನಲ್ಲಿ ಅರ್ಥವಿದೆ. ನಮ್ಮ ಹಿರಿಯರ ಒಗೆಯುವ ಯಂತ್ರವೆಂದರೆ ಹಿತ್ತಲಿನ ಕಲ್ಲು. ಅದು ಕೆಡುವುದಿಲ್ಲ, ಕೆಡದಿದ್ದ ಮೇಲೆ ರಿಪೇರಿಯ ಮಾತೆಲ್ಲಿ? ಆದರೆ ನಮ್ಮ ಮಧ್ಯಮ ವರ್ಗದ ಮನೆಗಳಿಗೂ, ಬಡವರ ಮನೆಗಳಿಗೂ, ವಿದ್ಯುಚ್ಛಕ್ತಿ ಬರುವುದಕ್ಕೆ ಎಷ್ಟೋ ಮೊದಲೇ ಒಂದು ಯಂತ್ರ ಬಂದಿತ್ತು. ಕರಿಯ ಮೈ, ಚಿನ್ನದ ಬಣ್ಣದ ಹೂಬಳ್ಳಿ, ಕೆಳಗೆ ಎರಕದ ಕಬ್ಬಿಣದ ಕಾಲು, ಪಾದದಿಂದ ತುಳಿಯುವ ಹಲಗೆ. ಅದೇ ಹೊಲಿಗೆ ಯಂತ್ರ. ಅದು ಕೆಡುತ್ತದೆ. ಕೆಟ್ಟದ್ದನ್ನು ಸರಿಪಡಿಸಬಹುದು. ನನ್ನ ಹವ್ಯಾಸಕ್ಕೆ ಇಷ್ಟು ಆಧಾರ ಸಾಕು.

ನಮ್ಮ ಕೂಟ ದೊಡ್ಡದಲ್ಲ. ನಿವೃತ್ತರಾದ ಕ್ರಾಫ್ಟ್ ಮೇಷ್ಟರೊಬ್ಬರು, ಬ್ಯಾಂಕಿನ ಕ್ಯಾಷಿಯರೊಬ್ಬರು, ಐವತ್ತು ವರ್ಷಗಳಿಂದ ಪೇಟೆಬೀದಿಯಲ್ಲಿ ಹೊಲಿಗೆ ಯಂತ್ರಗಳನ್ನೇ ರಿಪೇರಿ ಮಾಡಿಕೊಂಡು ಬಂದಿರುವ, ನಾವೆಲ್ಲ ಚಾಚಾ ಎಂದು ಕರೆಯುವ ಹಿರಿಯರು, ನಾಲ್ಕನೆಯವಳು ನಾನು. ಭಾನುವಾರ ಬೆಳಿಗ್ಗೆ ಮೇಷ್ಟರ ಮನೆಯ ಜಗಲಿಯ ಮೇಲೆ ಹಳೆಯ ಗೋಣಿಚೀಲ ಹಾಸಿ ಕುಳಿತರೆ ಏಳುವುದು ಊಟದ ಹೊತ್ತಿಗೆ. ಮೇಷ್ಟರ ಮನೆಯವರು ಎರಡು ಸಲ ಕಾಫಿ ಕೊಡುತ್ತಾರೆ, ಮೂರನೆಯ ಸಲ ಬಂದು, "ಇವತ್ತಾದರೂ ಒಂದು ಯಂತ್ರ ಈ ಜಗಲಿಯಿಂದ ಹೊರಡುತ್ತದೆಯೋ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಯಂತ್ರಗಳು ಸಿಗುವುದೆಲ್ಲಿ? ಹೆಚ್ಚಾಗಿ ಗುಜರಿ ಅಂಗಡಿಯಲ್ಲಿ. ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ನೆರೆಯುವ ಹಳೆಯ ಸಾಮಾನಿನ ಸಂತೆಯನ್ನೂ ಕ್ಯಾಷಿಯರು ಬಿಡುವುದಿಲ್ಲ. ಇತ್ತೀಚೆಗೆ ಗುಜರಿಯವರಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಹೊಸ ಮಾದರಿಯ ಹೋಟೆಲುಗಳವರು ಯಂತ್ರದ ಎರಕದ ಕಾಲನ್ನು ಕೊಂಡು, ಅದರ ಮೇಲೊಂದು ಗಾಜಿನ ಹಲಗೆ ಹಾಕಿ ಮೇಜು ಮಾಡುತ್ತಾರೆ. ಯಂತ್ರದ ತಲೆ ಅವರಿಗೆ ಬೇಡ. ಅದು ತೂಕಕ್ಕೆ ಬಿದ್ದು ಕರಗಿಸುವ ಕುಲುಮೆಗೆ ಹೋಗುತ್ತದೆ. ನಾನೂ ಅಂಥ ಒಂದು ಮೇಜಿನ ಮುಂದೆ ಕುಳಿತು ಕಾಫಿ ಕುಡಿದಿದ್ದೇನೆ. ಕಾಲು ತಾನಾಗಿಯೇ ತುಳಿಯುವ ಹಲಗೆಯನ್ನು ಹುಡುಕಿತು. ಹಲಗೆ ಇತ್ತು, ತುಳಿದರೆ ಚಕ್ರವೂ ತಿರುಗಿತು. ಮೇಲೆ ಹೊಲಿಯುವುದಕ್ಕೆ ಏನೂ ಇರಲಿಲ್ಲ.

ಹಳೆಯ ಯಂತ್ರ ತಿರುಗದಿದ್ದರೆ ಅದು ಮುರಿದಿದೆಯೆಂದು ಜನ ತಿಳಿಯುತ್ತಾರೆ. ಚಾಚಾ ಹೇಳುವ ಪ್ರಕಾರ ಹತ್ತರಲ್ಲಿ ಒಂಬತ್ತು ಯಂತ್ರ ಮುರಿದಿರುವುದಿಲ್ಲ, ಅಂಟಿಕೊಂಡಿರುತ್ತದೆ. ಯಾರೋ ಪುಣ್ಯಾತ್ಮರು ಮಿಷನ್ ಎಣ್ಣೆ ತೀರಿತೆಂದು ಕೊಬ್ಬರಿ ಎಣ್ಣೆಯನ್ನೋ ಅಡಿಗೆಯ ಎಣ್ಣೆಯನ್ನೋ ಬಿಟ್ಟಿರುತ್ತಾರೆ. ಅದು ವರ್ಷಾನುಗಟ್ಟಲೆ ಒಣಗಿ ಅಂಟಾಗಿ, ಕೀಲುಕೀಲನ್ನೂ ಹಿಡಿದುಬಿಡುತ್ತದೆ. ಇದಕ್ಕೆ ಮದ್ದು ಸೀಮೆಎಣ್ಣೆ ಮತ್ತು ತಾಳ್ಮೆ. ಎಣ್ಣೆಯ ತೂತು ಒಂದೊಂದಕ್ಕೂ ಎರಡು ಮೂರು ಹನಿ ಬಿಟ್ಟು, ಒಂದು ದಿನ ಸುಮ್ಮನಿದ್ದು, ಮರುದಿನ ಕೈಚಕ್ರವನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಅಲುಗಿಸಬೇಕು. ಬಲ ಪ್ರಯೋಗಿಸಕೂಡದು. ಮತ್ತೆ ಹನಿ, ಮತ್ತೆ ಕಾಯುವುದು. ಮೂರು ವಾರ ಅಲುಗದ ಯಂತ್ರ ನಾಲ್ಕನೆಯ ಭಾನುವಾರ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಪೂರ್ತಿ ಒಂದು ಸುತ್ತು ತಿರುಗುವುದುಂಟು. ಆಗ ನಾಲ್ವರಲ್ಲಿ ಯಾರೂ ಮಾತನಾಡುವುದಿಲ್ಲ. ಚಾಚಾ ಮಾತ್ರ, "ಬಂತು ನೋಡಮ್ಮಾ, ಉಸಿರು" ಎನ್ನುತ್ತಾರೆ.

ಸೀಮೆಎಣ್ಣೆ ಸರಿ, ಆದರೆ ಸ್ಪಿರಿಟ್ಟನ್ನು ಯಂತ್ರದ ಮೈಗೆ ಸೋಕಿಸಬಾರದು. ಹಳೆಯ ಯಂತ್ರಗಳಲ್ಲಿ ಚಿನ್ನದ ಹೂಬಳ್ಳಿಯ ಮೇಲೆ ಹೊಳಪಿಗಾಗಿ ಬಳಿದಿರುವುದು ಅರಗಿನ ವಾರ್ನಿಷ್. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಅದರೊಡನೆ ಹೂಬಳ್ಳಿಯೂ ಬಟ್ಟೆಗೆ ಬಂದುಬಿಡುತ್ತದೆ. ಆ ಕಾಲದಲ್ಲಿ ಜಗತ್ತಿಗೆ ಅರಗನ್ನು ಮುಖ್ಯವಾಗಿ ಒದಗಿಸುತ್ತಿದ್ದುದು ನಮ್ಮ ದೇಶ. ಇಲ್ಲಿಯ ಮರಗಳ ಮೇಲಿನ ಹುಳು ಕಟ್ಟಿದ ಅರಗು ಸಮುದ್ರ ದಾಟಿಹೋಗಿ, ಪರದೇಶದ ಯಂತ್ರದ ಮೈಗೆ ಹೊಳಪು ಕೊಟ್ಟು ಮತ್ತೆ ನಮ್ಮ ಮನೆಗೇ ಬಂದಿರಬೇಕೆಂದು ನೆನೆದಾಗ ನನಗೆ ಅರ್ಥಶಾಸ್ತ್ರದ ಪಾಠ ತಟ್ಟನೆ ಹಿಡಿಸಿತು.

ಯಂತ್ರದ ವಯಸ್ಸನ್ನು ಅದರ ಮೈಮೇಲೆ ಒತ್ತಿದ ಅಂಕಿಯಿಂದ ಕಂಡುಹಿಡಿಯಬಹುದು. ಸಿಂಗರ್ ಯಂತ್ರದ ಅಂಕಿಯ ಹಿಂದೆ ಇಂಗ್ಲಿಷಿನ ಎಫ್ ಅಥವಾ ವೈ ಅಕ್ಷರವಿದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಒಂದು ಕಾಲಕ್ಕೆ ಅದು ಜಗತ್ತಿನ ಅತಿ ದೊಡ್ಡ ಹೊಲಿಗೆ ಯಂತ್ರದ ಕಾರ್ಖಾನೆ. 1913ನೆಯ ಇಸವಿಯೊಂದರಲ್ಲೇ ಸುಮಾರು 13 ಲಕ್ಷ ಯಂತ್ರಗಳು ಅಲ್ಲಿಂದ ಹೊರಬಿದ್ದವು. 1980ರಲ್ಲಿ ಅದು ಮುಚ್ಚಿಹೋಯಿತು. ಕಾರ್ಖಾನೆ ಹೋದರೂ ಅಲ್ಲಿಯ ರೈಲ್ವೆ ನಿಲ್ದಾಣಕ್ಕೆ ಸಿಂಗರ್ ಎಂಬ ಹೆಸರು ಉಳಿದಿದೆ. ಆ ಕಾರ್ಖಾನೆಯ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ತಾಗಿದ ಸಂಗತಿಯೊಂದುಂಟು. 1911ರ ಮಾರ್ಚಿಯಲ್ಲಿ ಮರದ ಪೆಟ್ಟಿಗೆಗಳಿಗೆ ಪಾಲಿಷ್ ಹಚ್ಚುತ್ತಿದ್ದ 12 ಮಂದಿ ಹೆಂಗಸರು, ಕೆಲಸ ಹೆಚ್ಚಿಸಿ ಕೂಲಿ ಇಳಿಸಿದರೆಂದು ಕೈ ತೊಳೆದುಕೊಂಡು ಹೊರಗೆ ಬಂದರು. ಅವರ ಹಿಂದೆ ಸುಮಾರು ಹತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರು ಹೊರಬಿದ್ದರು. ಮುಷ್ಕರ ಸೋತಿತು, ಆದರೆ ಹೊಲಿಯುವ ಕೈ ಮಾತ್ರವಲ್ಲ, ಹೊಲಿಗೆಯ ಪೆಟ್ಟಿಗೆಯನ್ನು ಉಜ್ಜಿದ ಕೈಯೂ ಹೆಂಗಸಿನದೇ ಆಗಿತ್ತೆಂಬುದು ಅದರಿಂದ ನನಗೆ ತಿಳಿಯಿತು.

ಗಾಂಧೀಜಿಯವರಿಗೆ ಯಂತ್ರಗಳ ಮೇಲೆ ಅಷ್ಟೊಂದು ಪ್ರೀತಿಯಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅವರೂ 1924ರಲ್ಲಿ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಬಟ್ಟೆ ಹೊಲಿಯುತ್ತ ಕಷ್ಟಪಡುವುದನ್ನು ಕಂಡು, ಪ್ರೀತಿಯಿಂದ ಸಿಂಗರ್ ಇದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. ಚರಿತ್ರೆ ಹೇಳುವುದು ಬೇರೆ. ಐಸಾಕ್ ಸಿಂಗರ್ ಮೊದಲು ನಾಟಕದಲ್ಲಿ ಪಾತ್ರ ಮಾಡುತ್ತಿದ್ದವನು. 1850ರಲ್ಲಿ ಬಾಸ್ಟನ್ನಿನ ಒಂದು ಕಾರ್ಖಾನೆಯಲ್ಲಿ ಬೇರೆಯವರ ಹೊಲಿಗೆ ಯಂತ್ರವನ್ನು ನೋಡಿ, ಅದರ ಕುಂದುಗಳನ್ನು ತಿದ್ದಿ, 1851ರಲ್ಲಿ ಪೇಟೆಂಟ್ ಪಡೆದ. ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಎರಡು ದಾರಗಳ ಹೊಲಿಗೆಯ ಯಂತ್ರಕ್ಕೆ ಅದಕ್ಕೂ ಮೊದಲೇ, 1846ರಲ್ಲಿ, ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದ. ಹೀಗೆ ಸಿಂಗರನ ಯಂತ್ರ ಪ್ರೇಮದಿಂದ ಹುಟ್ಟಲಿಲ್ಲ, ರಿಪೇರಿಯಿಂದ ಹುಟ್ಟಿತು. ಈ ವಿಷಯವನ್ನು ನಾನು ಜಗಲಿಯ ಮೇಲೆ ಓದಿ ಹೇಳಿದಾಗ ಮೇಷ್ಟರಿಗೆ ಸ್ವಲ್ಪ ಬೇಸರವಾಯಿತು. ಚಾಚಾಗೆ ಬಹಳ ಸಂತೋಷವಾಯಿತು.

ಬಡವರು ಈ ಯಂತ್ರವನ್ನು ಕೊಂಡದ್ದು ಹೇಗೆ ಎಂಬುದೂ ತಿಳಿಯತಕ್ಕ ವಿಷಯ. 1856ರಿಂದಲೇ ಸಿಂಗರ್ ಕಂಪನಿ ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿಯನ್ನು ಆರಂಭಿಸಿತು. ಯಂತ್ರ ಮೊದಲು ಮನೆಗೆ ಬರುತ್ತದೆ, ಅದು ದುಡಿದ ಹಣದಲ್ಲಿ ಅದರ ಸಾಲವೇ ತೀರುತ್ತದೆ. ಮುಂದೆ 1930ರ ದಶಕದಲ್ಲಿ ಕಲಕತ್ತೆಯಲ್ಲಿ ಉಷಾ ಯಂತ್ರ ಹುಟ್ಟಿತು. ಲೂಧಿಯಾನದ ಸಣ್ಣ ಕಾರ್ಖಾನೆಗಳಲ್ಲಿ ಬಿಡಿಭಾಗಗಳು ತಯಾರಾದವು. ಸಿಂಗರ್ 15 ಎಂಬ ಮಾದರಿಯನ್ನು ಜಗತ್ತಿನ ಅನೇಕ ಕಡೆ ನಕಲು ಮಾಡಿದ್ದರಿಂದ, ಸುಮಾರು ನೂರು ವರ್ಷದ ಯಂತ್ರಕ್ಕೂ ಬೇಕಾದ ಸೂಜಿ, ಬಾಬಿನ್, ಬಾಬಿನ್ ಕೇಸು ಇಂದಿಗೂ ನಮ್ಮ ಪೇಟೆಯಲ್ಲಿ ಸಿಗುತ್ತವೆ. ಎರಡು ವರ್ಷದ ಮೊಬೈಲಿಗೆ ಬ್ಯಾಟರಿ ಸಿಗದಿರುವ ಈ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಹೊಲಿಗೆ ಬೀಳುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮುಂದೆ ಹೇಳುವ ಸಂಗತಿಗೆ ಅದು ಬೇಕು. ಸೂಜಿ ಮೇಲಿನ ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ಯುತ್ತದೆ. ತಿರುಗಿ ಮೇಲಕ್ಕೆ ಒಂದಿಷ್ಟು ಏಳುವಾಗ ಸೂಜಿಯ ಬೆನ್ನಲ್ಲಿ ದಾರ ಒಂದು ಚಿಕ್ಕ ಕುಣಿಕೆಯಾಗುತ್ತದೆ. ಅದೇ ಕ್ಷಣಕ್ಕೆ ಕೆಳಗಿನ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಎರಡು ದಾರಗಳೂ ಬಟ್ಟೆಯ ನಡುವೆ ಹೆಣೆದುಕೊಳ್ಳುತ್ತವೆ. ಕೊಕ್ಕೆ ಕೂದಲೆಳೆಯಷ್ಟು ತಡವಾದರೂ ಹೊಲಿಗೆ ತಪ್ಪುತ್ತದೆ. ಮೇಲಿನ ದಾರದ ಬಿಗಿ ಕಡಮೆಯಾದರೆ ಬಟ್ಟೆಯ ಕೆಳಗೆ ದಾರ ಗಂಟುಗಂಟಾಗಿ ಜೋಲುತ್ತದೆ. ಈ ಹೊಂದಿಕೆಯನ್ನು ಮಾಡುವುದೇ ರಿಪೇರಿಯ ಕಡೆಯ ಪಾಠ. ಚಾಚಾ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಇದನ್ನು ಬೆರಳಿನಿಂದಲೂ ಕಿವಿಯಿಂದಲೂ ಮಾಡುತ್ತಾರೆ. ಕಣ್ಣಿನ ಕೆಲಸವನ್ನು ಈಗ ನನಗೆ ಬಿಟ್ಟಿದ್ದಾರೆ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಗುಜರಿಯವನು ಒಂದು ಸಿಂಗರ್ 15 ಯಂತ್ರವನ್ನು ಕಾಲುಸಮೇತ ತೂಗಿ 1,100 ರೂಪಾಯಿಗೆ ಕೊಟ್ಟ. ಅಂಕಿಯ ಹಿಂದೆ ವೈ ಅಕ್ಷರ. ಎಂದರೆ 1920ರ ದಶಕದ ಆಚೀಚಿನದು. ಚಕ್ರ ಅಲುಗಲಿಲ್ಲ. ಸೂಜಿಯ ಕೆಳಗಿನ ತಗಡನ್ನು ಬಿಚ್ಚಿದಾಗ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ನಡುವೆ ನೂಲಿನ ಚೂರುಗಳು ಒತ್ತಿ ಒತ್ತಿ ಕಂಬಳಿಯ ತುಂಡಿನಂತಾಗಿದ್ದವು. ಮೇಷ್ಟರು ಅದನ್ನು ಕತ್ತರಿಯ ತುದಿಯಿಂದ ಎತ್ತಿ ಬಿಸಿಲಿಗೆ ಹಿಡಿದರು. ಮೇಲೆ ಬಿಳಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಖಾಕಿ, ನಡುವೆ ಒಂದೆಳೆ ಕೆಂಪು. ನಮ್ಮ ಇತಿಹಾಸದ ಅಧ್ಯಾಪಕರು ಉತ್ಖನನದ ಪದರಗಳ ವಿಷಯ ಹೇಳುವಾಗ ನನಗೆ ಈಗ ಆ ತುಂಡೇ ನೆನಪಿಗೆ ಬರುತ್ತದೆ. ಎಷ್ಟು ಮಕ್ಕಳ ಶಾಲೆಯ ಅಂಗಿ ಚಡ್ಡಿಗಳೋ, ಯಾರ ಮದುವೆಯ ರವಿಕೆಯೋ!

ಇನ್ನೊಂದು ಗುರುತೂ ಇತ್ತು. ಯಂತ್ರದ ಮೈಮೇಲೆಲ್ಲ ಹೂಬಳ್ಳಿ ಚೆನ್ನಾಗಿಯೇ ಉಳಿದಿತ್ತು. ಆದರೆ ಹೊಲಿಯುವವರ ಕಡೆಯ ಅಂಚಿನಲ್ಲಿ, ಕೈ ಊರಿ ಬಟ್ಟೆ ಜರುಗಿಸುವ ಜಾಗದಲ್ಲಿ, ಅಂಗೈಯಗಲ ಚಿನ್ನವೂ ಇಲ್ಲ, ಕರಿಯ ಬಣ್ಣವೂ ಇಲ್ಲ. ಬರಿಯ ಕಬ್ಬಿಣ, ಕನ್ನಡಿಯಂತೆ ನಯ.

ಇಲ್ಲಿಂದಲೇ ನಮ್ಮ ಕೂಟದಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಬೆಂಗಳೂರಿನಲ್ಲಿ ಹಳೆಯ ವಸ್ತುಗಳನ್ನು ಅಲಂಕಾರಕ್ಕೆ ಕೊಳ್ಳುವವರೊಬ್ಬರು, ಯಂತ್ರವನ್ನು ಹೊಚ್ಚ ಹೊಸದರಂತೆ ಮಾಡಿಕೊಟ್ಟರೆ 9,000 ರೂಪಾಯಿ ಕೊಡುವುದಾಗಿ ಕ್ಯಾಷಿಯರಿಗೆ ಹೇಳಿದ್ದರು. ಕ್ಯಾಷಿಯರ ವಾದ ಸ್ವಾರ್ಥದ್ದಲ್ಲ. ಜಗಲಿಯ ಮೂಲೆಯಲ್ಲಿ ಆರು ಯಂತ್ರಗಳು ಬಿಡಿಭಾಗಕ್ಕೆ ಹಣವಿಲ್ಲದೆ ಕುಳಿತಿದ್ದವು. "ಒಂದನ್ನು ಕೊಟ್ಟರೆ ಆರು ಬದುಕುತ್ತವೆ ಮೇಷ್ಟರೇ. ಆ ಸವೆದ ಜಾಗಕ್ಕೆ ಬಣ್ಣ ಬಳಿದು, ಹೊಸ ಹೂಬಳ್ಳಿಯ ಚಿತ್ರ ಅಂಟಿಸೋಣ. ಹಾಗೆಯೇ ಬಿಟ್ಟರೆ ಯಾರು ಕೊಳ್ಳುತ್ತಾರೆ?" ಎಂದು ಅವರು ಲೆಕ್ಕ ಬರೆದು ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೇಷ್ಟರು, "ಬಣ್ಣ ಬಳಿಯುವುದು ಸುಲಭ. ಆ ಜಾಗ ಹಾಗಾಗುವುದಕ್ಕೆ ಎಷ್ಟು ವರ್ಷ ಹಿಡಿದಿರಬೇಕು, ಅದನ್ನೂ ಲೆಕ್ಕ ಹಾಕಿ ಸ್ವಾಮಿ" ಎಂದರು. ಚಾಚಾ ಎರಡು ಪಕ್ಷಕ್ಕೂ ಸೇರದೆ, "ಮೊದಲು ಹೊಲಿಯಲಿ, ಆಮೇಲೆ ಜಗಳ ಆಡೋಣ" ಎಂದರು.

ಯಂತ್ರ ಐದು ವಾರಕ್ಕೆ ತಿರುಗಿತು, ಏಳನೆಯ ವಾರಕ್ಕೆ ಹೊಲಿಯಿತು. ಅಷ್ಟರಲ್ಲಿ ಅದು ಯಾರ ಮನೆಯದೆಂಬುದನ್ನು ಗುಜರಿಯವನಿಂದ ಮೇಷ್ಟರು ವಿಚಾರಿಸಿ ತಿಳಿದಿದ್ದರು. ನಮ್ಮ ಊರಿನವರೇ, ಎಂಬತ್ತು ದಾಟಿದ ಒಬ್ಬ ಅಮ್ಮ. ಇಪ್ಪತ್ತೆಂಟನೆಯ ವಯಸ್ಸಿಗೆ ಗಂಡ ತೀರಿಕೊಂಡು, ಅತ್ತೆ ಬಿಟ್ಟುಹೋಗಿದ್ದ ಆ ಯಂತ್ರದಿಂದಲೇ ಮೂರು ಮಕ್ಕಳನ್ನು ಓದಿಸಿದವರು. ಕಣ್ಣು ಮಂದವಾದ ಮೇಲೆ ಯಂತ್ರ ಅಟ್ಟ ಸೇರಿತ್ತು. ಮನೆ ಕೆಡವಿ ಕಟ್ಟಿಸುವಾಗ ಗುಜರಿಗೆ ಹೋಗಿತ್ತು. ಒಂದು ಭಾನುವಾರ ಅವರ ಮೊಮ್ಮಗ ಅವರನ್ನು ಆಟೋದಲ್ಲಿ ಕರೆತಂದ.

ಅವರು ಜಗಲಿಯ ಮೇಲೆ ಕುಳಿತು ಯಂತ್ರವನ್ನು ನೋಡಲಿಲ್ಲ; ಕೈ ಚಾಚಿ ಮುಟ್ಟಿದರು. ಬೆರಳು ನೇರವಾಗಿ ಆ ಸವೆದ ಜಾಗಕ್ಕೆ ಹೋಯಿತು. "ಇದೇ" ಎಂದರು. ನಾನು ಕುಳಿತು ಒಂದು ತುಂಡು ಬಟ್ಟೆ ಹೊಲಿದು ತೋರಿಸಿದೆ. ಅವರು ತಲೆ ಓರೆ ಮಾಡಿ ಕೇಳಿ, "ಸದ್ದು ಸ್ವಲ್ಪ ಒರಟಾಯಿತು ಮಗೂ. ಮೇಲಿನ ದಾರ ಒಂದು ಕೂದಲಷ್ಟು ಸಡಿಲ ಬಿಡು" ಎಂದರು. ಸಡಿಲಿಸಿದೆ. ಹೊಲಿಗೆ ಮೊದಲಿಗಿಂತ ಚೆನ್ನಾಗಿ ಕುಳಿತಿತು. ಚಾಚಾ ಎರಡೂ ಕೈ ಜೋಡಿಸಿದರು. ತೆಳುವಾದ ಮಲ್ಲು ಬಟ್ಟೆ ಹಲ್ಲಿಗೆ ಸಿಕ್ಕದೆ ಜಾರಿದರೆ ಕೆಳಗೊಂದು ಕಾಗದವಿಟ್ಟು ಹೊಲಿದು ಆಮೇಲೆ ಹರಿದು ತೆಗೆಯಬೇಕೆಂದೂ, ರಾತ್ರಿ ಮಕ್ಕಳು ಮಲಗಿದಾಗ ಸದ್ದಾಗದಿರಲು ಕಾಲಿನ ಕೆಳಗೆ ಗೋಣಿ ಮಡಿಸಿ ಹಾಕುತ್ತಿದ್ದೆನೆಂದೂ ಹೇಳಿದರು. ದಸರೆಯ ಮುಂಚೆ ಬೆಳಗಾಗುವ ತನಕ ಹೊಲಿದದ್ದುಂಟಂತೆ. "ಆಗ ಮನೆಯಲ್ಲಿ ಇದರ ಸದ್ದು ನಿಂತರೆ ಮಕ್ಕಳು ಎದ್ದುಬಿಡುತ್ತಿದ್ದರು" ಎಂದು ನಕ್ಕರು.

ಯಂತ್ರವನ್ನು ತಮಗೇ ಕೊಡುತ್ತೇವೆಂದು ಮೇಷ್ಟರು ಹೇಳಿದಾಗ ಅವರು ಬೇಡವೆಂದರು. "ನನ್ನ ಕಣ್ಣೂ ಇಲ್ಲ, ಕಾಲೂ ಇಲ್ಲ. ಹೊಲಿಯುವವರ ಮನೆಗೆ ಹೋಗಲಿ. ಅಂದಕ್ಕೆ ಇಡಬೇಡಿ" ಎಂದರು. ಬೆಂಗಳೂರಿನ 9,000 ರೂಪಾಯಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಕ್ಯಾಷಿಯರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಬೆಂಗಳೂರಿನವರಿಗೆ ತಾವೇ ದೂರವಾಣಿ ಮಾಡಿ ಯಂತ್ರ ಮಾರಾಟಕ್ಕಿಲ್ಲವೆಂದು ತಿಳಿಸಿದರು. ಈಗ ಅದು ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿದೆ. ಹೆಸರು ಹೇಳುವುದು ಬೇಡ. ಆಕೆಯ ತಾಯಿ ಹೊಲಿಯುತ್ತಾರೆ, ಪಾಠ ಮುಗಿಸಿ ಹೋದ ಮೇಲೆ ಆಕೆಯೂ ಹೊಲಿಯುತ್ತಾಳೆ. ಪುಕ್ಕಟೆಯಾಗಿ ತೆಗೆದುಕೊಳ್ಳಲು ಆ ತಾಯಿ ಒಪ್ಪಲಿಲ್ಲ. ಬೆಲೆ 1,500 ರೂಪಾಯಿ ಎಂದು ಗೊತ್ತಾಗಿ, ತಿಂಗಳಿಗೆ 150ರಂತೆ ಹತ್ತು ಕಂತು ನಿಶ್ಚಯವಾಯಿತು. ಸಿಂಗರ್ ಕಂಪನಿ 1856ರಲ್ಲಿ ಹೂಡಿದ ಉಪಾಯ ನಮ್ಮ ಜಗಲಿಯ ಮೇಲೂ ಫಲಿಸಿತು. ಲೆಕ್ಕ ಬರೆಯುವವರು ಕ್ಯಾಷಿಯರೇ. ಒಂದು ಕಂತೂ ತಡವಾಗಿಲ್ಲವೆಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಮೂಲೆಯ ಆರು ಯಂತ್ರಗಳಲ್ಲಿ ನಾಲ್ಕು ಇನ್ನೂ ಹಾಗೆಯೇ ಕುಳಿತಿವೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಹಣದ ಲೆಕ್ಕದಲ್ಲಿ ಅವರ ಮಾತೇ ಸರಿಯಾಗಿತ್ತು.

ಹಳೆಯದನ್ನು ಉಳಿಸುವುದೆಂದರೆ ಅದನ್ನು ಹೊಸದರಂತೆ ಕಾಣಿಸುವುದೆಂದು ನಾನು ಈಗ ತಿಳಿಯುವುದಿಲ್ಲ. ಯಂತ್ರ ಮಾಡಿದವನ ಹೆಸರು ಎದ್ದುಕಾಣುವಂತೆ ಚಿನ್ನದ ಅಕ್ಷರದಲ್ಲಿ ಬರೆದಿರುತ್ತದೆ. ಅದರ ಮುಂದೆ ಐವತ್ತು ವರ್ಷ ಕುಳಿತವರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರು ಬರೆದದ್ದೇನಿದ್ದರೂ ಆ ಅಂಗೈಯಗಲ ಜಾಗದಲ್ಲಿ. ಅದರ ಮೇಲೆ ಬಣ್ಣ ಬಳಿಯುವುದಕ್ಕೆ ನಮ್ಮ ಕೂಟದಲ್ಲಿ ಈಗ ಯಾರೂ ಒಪ್ಪುವುದಿಲ್ಲ. ಯಂತ್ರವನ್ನು ಕೊಂಡುಹೋದ ಹುಡುಗಿ ಮೊನ್ನೆ ಸಿಕ್ಕಿ, "ಅಲ್ಲಿ ಕೈ ಇಟ್ಟರೆ ಬಟ್ಟೆ ತಾನೇ ಜರುಗುತ್ತದೆ ಕಣೇ" ಎಂದಳು.

ಕಡೆಯಲ್ಲಿ ಈ ಸಂಚಿಕೆಯ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿಯೂ ಒಂದು ಯಂತ್ರವಿದ್ದೀತು. ಅದನ್ನು ತೂಕಕ್ಕೆ ಹಾಕುವ ಮೊದಲು, ಅದು ಯಾರದು, ಏನೇನು ಹೊಲಿಯಿತು ಎಂದು ಮನೆಯ ಹಿರಿಯರನ್ನು ಕೇಳಿರಿ. ಅದಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿರಿ. ಚಕ್ರವನ್ನು ಬಲವಾಗಿ ತಿರುಗಿಸಬೇಡಿರಿ. ಯಾವ ಭಾನುವಾರವಾದರೂ ಸರಿ, ಮೇಷ್ಟರ ಜಗಲಿಗೆ ತನ್ನಿರಿ. ಕಾಫಿ ಸಿಗುತ್ತದೆ. ಮೇಷ್ಟರ ಮನೆಯವರು ಏನಾದರೂ ಕೇಳಿದರೆ, ಯಂತ್ರವನ್ನು ಬಿಟ್ಟುಹೋಗುವುದಕ್ಕೆ ಬಂದಿದ್ದೇವೆಂದು ಮಾತ್ರ ಹೇಳಬೇಡಿರಿ.

— ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ